ಮಸ್ಕೆಟ್ ನಳಿಗೆಯ ಮಸಿಯೂ ಐತಿಹಾಸಿಕ ಗೇಮ್‌ಗಳೂ

ಮಾನ್ಯ ಸಂಪಾದಕರೇ,

ಐತಿಹಾಸಿಕ ಯುದ್ಧಗಳನ್ನು ಆಧರಿಸಿದ ವಿಡಿಯೊ ಗೇಮ್‌ಗಳ ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕೋವಿಯನ್ನು ಶುಚಿಗೊಳಿಸುವಂಥ ಬೇಸರದ ಕೆಲಸಗಳನ್ನು ಆಟಗಾರನ ಮೇಲೆ ಹೇರಿದರೆ ಆಟದ ಓಟ ಕೆಡುತ್ತದೆಯೇ ಹೊರತು ಇತಿಹಾಸವೇನೂ ಹೆಚ್ಚು ತಿಳಿಯುವುದಿಲ್ಲ ಎಂದು ಲೇಖಕರು ವಾದಿಸಿದ್ದಾರೆ. ಈಚಿನ ಬಂದೂಕುಗಳ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಆದರೆ ನಳಿಗೆಯ ಬಾಯಿಂದ ಮದ್ದು ತುಂಬುತ್ತಿದ್ದ ಮಸ್ಕೆಟ್‌ಗಳ ಕಾಲಕ್ಕೆ ಅದು ಹೊಂದುವುದಿಲ್ಲ. ಆ ಕಾಲದ ಕದನವನ್ನು ತೋರಿಸುವ ಗೇಮ್ ನಳಿಗೆಯೊಳಗೆ ಕಟ್ಟುವ ಮಸಿಯನ್ನು ಬಿಟ್ಟುಬಿಟ್ಟರೆ, ಸೈನಿಕರು ಹಾಗೇಕೆ ಕಾದಾಡಿದರು ಎಂಬುದರ ಒಂದು ಮುಖ್ಯ ಕಾರಣವನ್ನೇ ಬಿಟ್ಟಂತಾಗುತ್ತದೆ.

ಆ ಕೋವಿಗಳಿಗೆ ತುಂಬುತ್ತಿದ್ದ ಕಪ್ಪುಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತವೆ. ಅದು ಉರಿದಾಗ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಅನಿಲವಾಗದೆ ಘನರೂಪದ ಲವಣಗಳಾಗಿ ಉಳಿಯುತ್ತದೆ. ಅದರಲ್ಲಿ ಒಂದಷ್ಟು ದಟ್ಟವಾದ ಬಿಳಿ ಹೊಗೆಯಾಗಿ ಹೊರಬಿದ್ದರೆ, ಉಳಿದದ್ದು ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಒಣಹವೆಯಲ್ಲಿ ಈ ಮಸಿ ಗಟ್ಟಿಯಾಗಿ ಹಕ್ಕಳೆ ಕಟ್ಟುತ್ತದೆ, ತೇವದ ಹವೆಯಲ್ಲಿ ನೀರನ್ನು ಹೀರಿ ಮೆತ್ತಗಾಗುತ್ತದೆ. ತೊಳೆಯದೆ ಬಿಟ್ಟರೆ ಕಬ್ಬಿಣವನ್ನೇ ತಿನ್ನತೊಡಗುತ್ತದೆ. ನಳಿಗೆಯೊಳಗಿನ ಮದ್ದಿಗೆ ಬೆಂಕಿ ಹೋಗುವ ‘ಕಿವಿ’ ಎಂಬ ರಂಧ್ರವೂ ಇದರಿಂದಲೇ ಮುಚ್ಚಿಹೋಗುತ್ತಿದ್ದುದರಿಂದ ಸೈನಿಕರು ಅದನ್ನು ಬಿಡಿಸಲು ಸಣ್ಣದೊಂದು ತಂತಿಯನ್ನೂ, ಕಿಡಿ ಬೀಳುವ ಬಟ್ಟಲನ್ನು ಒರೆಸಲು ಬ್ರಷ್ಷನ್ನೂ ಸದಾ ಮೈಮೇಲೆ ಇಟ್ಟುಕೊಂಡಿರುತ್ತಿದ್ದರು.

ಈ ಮಸಿಗೆ ಅಂದಿನವರು ಕಂಡುಕೊಂಡಿದ್ದ ಉಪಾಯವೆಂದರೆ ಗುಂಡನ್ನೇ ಸಣ್ಣದು ಮಾಡುವುದು. ಬ್ರಿಟಿಷ್ ಸೇನೆಯ ‘ಬ್ರೌನ್ ಬೆಸ್’ ಮಸ್ಕೆಟ್‌ನ ನಳಿಗೆಯ ಒಳವ್ಯಾಸ ಸುಮಾರು 0.75 ಇಂಚು, ಅದಕ್ಕೆ ಹಾಕುತ್ತಿದ್ದ ಗುಂಡಿನ ವ್ಯಾಸ ಸುಮಾರು 0.69 ಇಂಚು. ಮಸಿ ಕಟ್ಟಿದ ಮೇಲೂ ಗುಂಡು ತಡೆಯಿಲ್ಲದೆ ಇಳಿಯಲೆಂದೇ ಈ ಸಡಿಲವನ್ನು ಬಿಡಲಾಗಿತ್ತು. ಸಡಿಲ ಗುಂಡು ನಳಿಗೆಯ ಗೋಡೆಗಳಿಗೆ ತಾಗುತ್ತ ಹೊರಬರುವುದರಿಂದ ಅದು ನೆಟ್ಟಗೆ ಹೋಗುವ ಭರವಸೆ ಇರಲಿಲ್ಲ, ಗುರಿ ತಪ್ಪುವ ಕೋವಿಗಳನ್ನು ಹಿಡಿದವರು ಹೆಗಲಿಗೆ ಹೆಗಲು ತಾಗಿಸಿ ಸಾಲುಗಟ್ಟಿ ನಿಂತು ಒಟ್ಟಿಗೇ ಹಾರಿಸುವುದು ಅನಿವಾರ್ಯವಾಗಿತ್ತು. 1800ರಲ್ಲಿ ಬ್ರಿಟಿಷ್ ಸೇನೆ ಆರಿಸಿಕೊಂಡ, ಒಳಗೋಡೆಯಲ್ಲಿ ಗುಂಡನ್ನು ತಿರುಗಿಸುವ ತಿರುಚುಗೆರೆಗಳಿದ್ದ ಬೇಕರ್ ರೈಫಲ್‌ನಲ್ಲಿ ಜಿಡ್ಡು ಸವರಿದ ತೊಗಲಿನ ತುಂಡಿನಲ್ಲಿ ಸುತ್ತಿದ ಗುಂಡನ್ನು ಬಿಗಿಯಾಗಿ ಇಳಿಸುತ್ತಿದ್ದರು. ಗುರಿ ಸುಧಾರಿಸಿತು, ಆದರೆ ತುಂಬಲು ಹೆಚ್ಚು ಸಮಯ ಬೇಕಾಯಿತು, ಮಸಿ ಕಟ್ಟಿದಂತೆಲ್ಲ ಆ ಸಮಯ ಇನ್ನೂ ಬೆಳೆಯಿತು. ಅವಸರಕ್ಕೆಂದು ಆ ಸೈನಿಕರ ಬಳಿ ಸಡಿಲ ಗುಂಡಿನ ಕಾಗದದ ತೋಟಾಗಳೂ ಇರುತ್ತಿದ್ದವು. ನಿಖರತೆ ಬೇಕೋ ವೇಗ ಬೇಕೋ ಎಂಬ ಈ ಆಯ್ಕೆಗಿಂತ ಒಳ್ಳೆಯ ನಿಯಮವನ್ನು ಯಾವ ಗೇಮ್ ವಿನ್ಯಾಸಕನೂ ಕುಳಿತು ಹೊಸೆಯಬೇಕಾಗಿಲ್ಲ.

ಈಗಿನ ಗೇಮ್‌ಗಳು ಇದನ್ನು ನಿಭಾಯಿಸುವ ಬಗೆ ನನಗೆ ಸಮಾಧಾನ ತಂದಿಲ್ಲ. 1899ರ ಅಮೆರಿಕದಲ್ಲಿ ನಡೆಯುವ ‘ರೆಡ್ ಡೆಡ್ ರಿಡೆಂಪ್ಶನ್ 2’ ಗೇಮ್‌ನಲ್ಲಿ ಬಂದೂಕು ಕೊಳೆಯಾದಂತೆ ಅದರ ಗುಣಾಂಶಗಳು ಇಳಿಯುತ್ತವೆ, ಎಣ್ಣೆ ಹಚ್ಚಿದೊಡನೆ ಮತ್ತೆ ಏರುತ್ತವೆ. ಅದು ಆ ಗೇಮ್‌ಗೆ ಸಾಕು. ಮಸ್ಕೆಟ್‌ಗಳ ಗೇಮ್ ಇದೇ ನಿಯಮವನ್ನು ಎರವಲು ತಂದರೆ ಎರಡು ಕಡೆ ಎಡವುತ್ತದೆ. ಮೊದಲನೆಯದಾಗಿ, ಮಸಿ ಗುಂಡಿನ ಪೆಟ್ಟನ್ನು ಕುಗ್ಗಿಸುವುದಕ್ಕಿಂತ ಹೆಚ್ಚಾಗಿ ಅದನ್ನು ತುಂಬುವ ಕೈಯನ್ನು ತಡೆಯುತ್ತದೆ. ಗುಂಡನ್ನು ಒಳಗೆ ತಳ್ಳಲು ಮೊದಲ ಹತ್ತು ಸುತ್ತು ಸಲೀಸಾಗಿ ಇಳಿದ ಸಲಾಕೆ ಆಮೇಲೆ ನಡುದಾರಿಯಲ್ಲಿ ಕಚ್ಚಿ ನಿಲ್ಲಬೇಕು, ಕೆಲವೊಮ್ಮೆ ಬಟ್ಟಲಿನ ಮದ್ದು ಭುಗ್ಗೆಂದರೂ ಒಳಗಿನ ಮದ್ದಿಗೆ ಬೆಂಕಿ ತಲುಪದೆ ಹೋಗಬೇಕು. ನಾನು ಆಡಿರುವ ಬಹುತೇಕ ಗೇಮ್‌ಗಳಲ್ಲಿ ಮೊದಲ ಗುಂಡಿಗೂ ಕೊನೆಯ ಗುಂಡಿಗೂ ರೀಲೋಡ್ ಆಗಲು ಹಿಡಿಯುವುದು ಒಂದೇ ಸಮಯ. ಎರಡನೆಯದಾಗಿ, ಈ ಲವಣಗಳು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಬಿಸಿನೀರು ಸುರಿದು, ಸಲಾಕೆಯ ತುದಿಗೆ ನಾರು ಸುತ್ತಿ ಉಜ್ಜಿ, ಒಣಗಿಸಿದ ನಂತರವೇ ಎಣ್ಣೆಯ ಸರದಿ. ಕದನದ ನಡುವೆ ಬಿಸಿನೀರು ಎಲ್ಲಿಂದ ಬರಬೇಕು? ಬೇರೆ ದಾರಿಯಿಲ್ಲದಾಗ ಮೂತ್ರದಿಂದಲೇ ನಳಿಗೆ ತೊಳೆದದ್ದುಂಟು. (ಇದನ್ನು ಗೇಮ್‌ನಲ್ಲಿ ತೋರಿಸಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ.) ಕುಡಿಯಲು ಉಳಿದಿರುವ ನೀರನ್ನು ಕೋವಿಗೆ ಸುರಿಯಬೇಕೇ ಬೇಡವೇ ಎಂದು ಆಟಗಾರ ತೀರ್ಮಾನಿಸಬೇಕಾಗಿ ಬಂದರೆ ಅದು ಬೇಸರದ ಕೆಲಸವಾಗಲಾರದು.

ಮೊದಲ ಸುತ್ತಿನ ವಿಷಯವನ್ನೂ ಇಲ್ಲಿ ಹೇಳಬೇಕು. ಶುಚಿಯಾದ ನಳಿಗೆ, ಹೊಸ ಚಕಮಕಿ ಕಲ್ಲು, ಗಡಿಬಿಡಿಯಿಲ್ಲದೆ ತುಂಬಿದ ಮದ್ದು, ಇವೆಲ್ಲವೂ ಕೂಡಿಬರುವುದು ಅದೊಂದು ಸಲ ಮಾತ್ರ. ಅದನ್ನು ಶತ್ರು ತೀರ ಹತ್ತಿರ ಬರುವತನಕ ಕಾಯ್ದಿರಿಸಬೇಕೆಂದು ಅಧಿಕಾರಿಗಳು ಒತ್ತಾಯಿಸುತ್ತಿದ್ದುದಕ್ಕೆ ಇದೂ ಒಂದು ಕಾರಣ. ಎಲ್ಲ ಸುತ್ತುಗಳೂ ಸಮಾನವಾಗಿರುವ ಗೇಮ್‌ನಲ್ಲಿ ಆಟಗಾರ ಕಾಯುವುದಾದರೂ ಏತಕ್ಕೆ?

ನಮ್ಮ ಇತಿಹಾಸದಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. 1857ರ ಬಂಡಾಯದ ಪ್ರಸಂಗ ಬಂದಾಗಲೆಲ್ಲ ಎನ್‌ಫೀಲ್ಡ್ ರೈಫಲ್‌ನ ಕೊಬ್ಬು ಸವರಿದ ತೋಟಾಗಳ ಮಾತು ಬರುತ್ತದೆ, ಸಿಪಾಯಿಗಳ ಧಾರ್ಮಿಕ ಭಾವನೆಗಳಿಗೆ ಧಕ್ಕೆಯಾದ ಬಗೆಯನ್ನು ಪಠ್ಯಪುಸ್ತಕಗಳೂ ವಿವರಿಸುತ್ತವೆ. ಆದರೆ ಆ ತೋಟಾಕ್ಕೆ ಜಿಡ್ಡನ್ನೇಕೆ ಹಚ್ಚಿದ್ದರು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ತಿರುಚುಗೆರೆಗಳಿರುವ ನಳಿಗೆಯಲ್ಲಿ ಗುಂಡು ಸರಾಗವಾಗಿ ಇಳಿಯಲಿ, ಒಳಗಿನ ಮಸಿ ಮೆತ್ತಗಿರಲಿ ಎಂಬುದೇ ಅದರ ಉದ್ದೇಶ. ಮೀರತ್‌ನಲ್ಲಿ ಆ ವರ್ಷದ ಮೇ 10ರಂದು ಸಿಡಿದದ್ದರ ಹಿಂದೆ ಆಳವಾದ ಹಲವು ಅಸಮಾಧಾನಗಳಿದ್ದವು, ನಿಜ. ಕಿಡಿಯಾದ ಆ ಜಿಡ್ಡು ಮಾತ್ರ ಮಸಿಯ ಸಮಸ್ಯೆಗೆ ಹುಡುಕಿದ ಪರಿಹಾರವಾಗಿತ್ತು. ಮುಂದೆ ಯಾರಾದರೂ 1857ರ ಬಗ್ಗೆ ಗೇಮ್ ಮಾಡಿ ಅದರಲ್ಲಿ ನಳಿಗೆ ಎಂದೆಂದಿಗೂ ಹೊಳೆಯುತ್ತಲೇ ಇದ್ದರೆ, ಆ ತೋಟಾ ಏಕೆ ಹುಟ್ಟಿತೆಂಬುದು ಆಟಗಾರನಿಗೆ ತಿಳಿಯುವ ಸಂಭವವೇ ಇಲ್ಲ.

ಬೇಸರದ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪ್ರತಿ ಐದು ನಿಮಿಷಕ್ಕೊಮ್ಮೆ ಬಟನ್ ಒತ್ತಿ ನಾರು ಉಜ್ಜುವ ದೃಶ್ಯವನ್ನು ನೋಡಬೇಕಾದರೆ ಯಾರೂ ಆ ಗೇಮ್ ಕೊಳ್ಳಲಾರರು. ಕೆಲಸವನ್ನು ತೋರಿಸದೆ ಅದರ ಫಲವನ್ನು ತೋರಿಸಿದರೆ ಸಾಕು: ಕದನದ ಬಿಡುವಿನಲ್ಲಿ ಅರ್ಧ ತುಕಡಿಯನ್ನು ಕೋವಿ ತೊಳೆಯಲು ಹಿಂದಕ್ಕೆ ಕಳುಹಿಸಿದರೆ ಸಾಲು ತೆಳ್ಳಗಾಗಲಿ, ಕಳುಹಿಸದಿದ್ದರೆ ಗುಂಡು ಹಾರಿಸುವ ವೇಗ ಇಳಿಯಲಿ. ಗುಂಡು ಹಾರಿತೋ ಇಲ್ಲವೋ ಎಂಬುದನ್ನು ಪರದೆಯ ಮೂಲೆಯಲ್ಲಿ ಬರೆದು ತಿಳಿಸುವ ಅಗತ್ಯವೂ ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ನಡೆದ 1863ರ ಗೆಟಿಸ್‌ಬರ್ಗ್ ಕದನದ ನಂತರ ಆಯ್ದು ತಂದ 27 ಸಾವಿರಕ್ಕೂ ಹೆಚ್ಚು ಕೋವಿಗಳಲ್ಲಿ ಸುಮಾರು 24 ಸಾವಿರ ತುಂಬಿದ ಸ್ಥಿತಿಯಲ್ಲೇ ಇದ್ದವು, ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಒಂದರ ಮೇಲೊಂದರಂತೆ ಎರಡು ಗುಂಡುಗಳಿದ್ದವು. ಆ ಗದ್ದಲದಲ್ಲಿ ತನ್ನ ಕೋವಿ ಸಿಡಿಯಲೇ ಇಲ್ಲವೆಂಬುದು ಹಿಡಿದವನಿಗೇ ಗೊತ್ತಾಗದಿರುವುದು ಸಾಧ್ಯವಿತ್ತು.

ಈ ನಿಯಮ ಎಲ್ಲ ಕಾಲಕ್ಕೂ ಬೇಕೆಂದು ನಾನು ಹೇಳುತ್ತಿಲ್ಲ. 1849ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ರೂಪಿಸಿದ ಗುಂಡು ಸಡಿಲವಾಗಿ ಇಳಿದು, ಸಿಡಿದಾಗ ಬುಡ ಹಿಗ್ಗಿ ನಳಿಗೆಯನ್ನು ಕಚ್ಚಿಕೊಳ್ಳುತ್ತಿದ್ದುದರಿಂದ ವೇಗಕ್ಕೂ ಗುರಿಗೂ ಇದ್ದ ಜಗಳ ಬಹುಮಟ್ಟಿಗೆ ತೀರಿತು. ಅಮೆರಿಕದ ಅಂತರ್ಯುದ್ಧದಲ್ಲಿ ಬುಡಕ್ಕೆ ಸತುವಿನ ಬಿಲ್ಲೆ ಕೂರಿಸಿದ, ಹೋಗುವಾಗಲೇ ಮಸಿಯನ್ನು ಕೆರೆದೊಯ್ಯುವ ಗುಂಡುಗಳನ್ನೂ ಸೈನಿಕರಿಗೆ ಹಂಚಿದ್ದರು. 1884ರಲ್ಲಿ ಫ್ರಾನ್ಸಿನವರೇ ಆದ ಪೌಲ್ ವಿಯೆಯ್ ಮಸಿಯನ್ನು ತೀರ ಕಡಿಮೆ ಬಿಡುವ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದರು. ಆ ಮದ್ದು ಬಳಕೆಗೆ ಬಂದ ನಂತರದ ಯುದ್ಧಗಳ ಗೇಮ್‌ಗಳಲ್ಲಿ ನಳಿಗೆ ತೊಳೆಯುವುದನ್ನು ಕೈಬಿಟ್ಟರೆ ನನ್ನ ತಕರಾರಿಲ್ಲ.

ಇಂತಿ,
ತಮ್ಮ ಓದುಗ