ಮಗಳಿಗೊಂದು ಪತ್ರ: ಇಟಲಿಗೆ ಹೊರಡುವ ಮುಂಚೆ

ಪುಟ್ಟಿ,

ನೀನು ಕಳಿಸಿದ ಪಟ್ಟಿ ನೋಡಿದೆ. ಒಂಬತ್ತು ದಿನ, ಏಳು ಊರು. ಮಿಲಾನ್, ವೆನಿಸ್, ಫ್ಲಾರೆನ್ಸ್, ಪೀಸಾ, ರೋಮ್, ನೇಪಲ್ಸ್, ಅಮಾಲ್ಫಿ. ಇದೇನು ಪ್ರವಾಸವೋ, ಅಂಚೆ ಹಂಚುವ ಕೆಲಸವೋ? ನಾನೂ ಅಪ್ಪನೂ ಹೋದಾಗ ಹೀಗೇ ಮಾಡಿದ್ದೆವು. ಈಗ ಕಣ್ಣು ಮುಚ್ಚಿದರೆ ಅರ್ಧಕ್ಕರ್ಧ ನೆನಪಾಗುವುದು ಕಲ್ಲುಹಾಸಿನ ಬೀದಿಯಲ್ಲಿ ನಮ್ಮ ಸೂಟ್‌ಕೇಸಿನ ಚಕ್ರ ಕಟಕಟ ಅನ್ನುತ್ತಿದ್ದದ್ದು, ಅಷ್ಟೇ. ಮೂರು ಊರು ಸಾಕು. ರೋಮಿಗೇ ನಾಲ್ಕು ದಿನ ಕೊಡು.

ಇನ್ನೊಂದು, ನೀನು ಫ್ಲಾರೆನ್ಸ್ ಇಟ್ಟುಕೊಂಡಿರುವುದು ಸೋಮವಾರ. ಉಫೀಜಿ ಮ್ಯೂಸಿಯಮ್ಮಿಗೂ ಡೇವಿಡ್ ಮೂರ್ತಿ ಇರುವ ಅಕಾಡೆಮಿಯಾಗೂ ಅವತ್ತು ರಜೆ. ದಿನ ಬದಲಾಯಿಸು. ಮಿಲಾನಿನಲ್ಲಿ ಲಿಯೊನಾರ್ಡೊ ಗೋಡೆಯ ಮೇಲೆ ಬರೆದ ‘ಲಾಸ್ಟ್ ಸಪ್ಪರ್’ ಚಿತ್ರ ನೋಡಬೇಕು ಅಂದರೆ ಒಂದು ಗುಂಪಿಗೆ 15 ನಿಮಿಷ ಮಾತ್ರ ಬಿಡುತ್ತಾರೆ, ಟಿಕೆಟ್ ಬಹಳ ಮುಂಚೆಯೇ ಖಾಲಿಯಾಗಿರುತ್ತದೆ.

ರೈಲಿನ ವಿಷಯ ಸ್ವಲ್ಪ ಗಮನವಿಟ್ಟು ಓದು. ದೊಡ್ಡ ಊರುಗಳ ನಡುವಿನ ಫಾಸ್ಟ್ ರೈಲಿಗೆ ಸೀಟ್ ನಂಬರಿನ ಸಮೇತ ಟಿಕೆಟ್ ಬರುತ್ತದೆ, ತಾಪತ್ರಯವಿಲ್ಲ. ಪ್ಯಾಸೆಂಜರ್ ಥರದ ರೈಲಿಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಸ್ಟೇಷನ್ನಿನಲ್ಲಿರುವ ಪುಟ್ಟ ಮೆಷಿನ್ನಿಗೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಫ್ಲಾರೆನ್ಸಿನಿಂದ ಪೀಸಾಗೆ ಹೋಗುವಾಗ ಏನಾಯಿತು ಅಂತ ನಿನಗೆ ಗೊತ್ತಿಲ್ಲ, ಹೇಳಬೇಡ ಅಂದಿದ್ದರು ಅಪ್ಪ. ಟಿಕೆಟ್ ಚೆನ್ನಾಗಿ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಠೀವಿಯಿಂದ ಕೂತಿದ್ದರು, ಟಿಸಿ ಬಂದರು, ತಿರುಗಿಸಿ ತಿರುಗಿಸಿ ನೋಡಿದರು, ಮುದ್ರೆ ಎಲ್ಲಿ ಅಂತ ಕೈಸನ್ನೆ ಮಾಡಿದರು. ಅಪ್ಪ ಹಣ ಕೊಟ್ಟ ರಸೀದಿ ತೋರಿಸಿದರು, ಕನ್ನಡದಲ್ಲೂ ಬೈದರು. ಏನೂ ಉಪಯೋಗವಾಗಲಿಲ್ಲ. ತಲೆಗೆ 50 ಯೂರೋ ದಂಡ. ಪೀಸಾದ ಗೋಪುರದ ಮುಂದೆ ಅಪ್ಪನ ಫೋಟೋ ಇದೆಯಲ್ಲ, ಆ ಮುಖ ನೋಡು, ಗೋಪುರಕ್ಕಿಂತ ಜಾಸ್ತಿ ವಾಲಿದೆ! ಈಗ ಮೊಬೈಲಿನಲ್ಲೇ ಟಿಕೆಟ್ ತಗೊಂಡರೆ ಅದರಲ್ಲೇ ಚೆಕ್-ಇನ್ ಒತ್ತಬೇಕಂತೆ, ಮರೀಬೇಡ. ಸ್ಟೇಷನ್ನಿನಲ್ಲಿ ‘ಶೋಪೆರೊ’ ಅನ್ನೋ ಮಾತು ಕಿವಿಗೆ ಬಿದ್ದರೆ ಮುಷ್ಕರ ಅಂತ ಅರ್ಥ, ಅಲ್ಲಿ ಅದು ಹೊಸದೇನಲ್ಲ.

ಊಟದ ಚಿಂತೆ ಬೇಡ. ‘ಸೋನೊ ವೆಜೆಟರಿಯಾನಾ’ ಅಂದರೆ ನಾನು ಸಸ್ಯಾಹಾರಿ ಅಂತ. ಬರೀ ಮಾಂಸ ಬೇಡ ಅಂದರೆ ಮೀನು ಹಾಕಿ ಕೊಟ್ಟಾರು, ಅದನ್ನು ಅವರು ಮಾಂಸ ಅಂತ ಲೆಕ್ಕ ಹಾಕುವುದಿಲ್ಲ. ರಿಸೊಟ್ಟೊ ಅನ್ನ ನೋಡಲು ಮುಗ್ಧವಾಗಿರುತ್ತದೆ, ಬೇಯಿಸಿದ್ದು ಮಾಂಸದ ಸಾರಿನಲ್ಲಿರಬಹುದು, ಕೇಳಿಕೊಂಡೇ ತಿನ್ನು. ಪಾರ್ಮೆಸಾನ್ ಚೀಸ್ ಮಾಡುವುದಕ್ಕೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬೇಕು. ತಿನ್ನುವುದು ಬಿಡುವುದು ನಿನಗೆ ಬಿಟ್ಟದ್ದು, ಅಜ್ಜಿಗೆ ಮಾತ್ರ ಹೇಳಬೇಡ. ‘ಪೆಪರೋನಿ’ ಅಂತ ಬರೆದಿದ್ದರೆ ಇಲ್ಲಿ ಪಿಜ್ಜಾ ಮೇಲೆ ಹಾಕುವ ಮಾಂಸ ಅಂತ ಹೆದರಬೇಡ, ಅಲ್ಲಿ ಅದು ದಪ್ಪ ಮೆಣಸಿನಕಾಯಿ! ಫ್ಲಾರೆನ್ಸ್, ಪೀಸಾ ಇರುವ ಟಸ್ಕನಿ ಕಡೆ ಹೋದರೆ ‘ಚೆಚಿನಾ’ ಕೇಳು, ಕಡಲೆಹಿಟ್ಟು ಕಲಸಿ ಒಲೆಯಲ್ಲಿ ಬೇಯಿಸಿದ್ದು, ಬಾಯಿಗೆ ಹಾಕಿದ ಕೂಡಲೇ ನಮ್ಮ ಮನೆ ಅಡುಗೆ ನೆನಪಾಯಿತು. ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ತಲೆಗೆ ಒಂದೆರಡು ಯೂರೋ ಸೇರಿಸಿರುತ್ತಾರೆ, ಮೋಸವಲ್ಲ, ಕೂತದ್ದಕ್ಕೆ. ಕಾಫಿ ನಿಂತುಕೊಂಡೇ ಕುಡಿ, ನಮ್ಮ ದರ್ಶಿನಿಯ ಹಾಗೆ. ಕೂತರೆ ರೇಟ್ ಏರುತ್ತದೆ.

ರೋಮಿನಲ್ಲಿ ಕುಡಿಯುವ ನೀರಿಗೆ ಕಾಸು ಖರ್ಚು ಮಾಡಬೇಡ. ಬೀದಿಬೀದಿಯಲ್ಲಿ ಸುಮಾರು 2,500 ಕಬ್ಬಿಣದ ನಲ್ಲಿಗಳಿವೆ, 1874ರಿಂದ ಹಾಕಿದ್ದು, ಮೂಗಿನ ಹಾಗೆ ಬಾಗಿರುವುದರಿಂದ ‘ನಜೋನಿ’ ಅನ್ನುತ್ತಾರೆ. ತುದಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಾಯಿ ಒಡ್ಡು.

ರೋಮಿನ ಹಳೇ ಗುಡಿ ಪ್ಯಾಂಥಿಯನ್ನಿಗೆ ಮಳೆ ಬರುವಾಗ ಹೋಗು ಅಂತ ಹೇಳಿದರೆ ನಗುತ್ತೀಯ. ಸುಮಾರು 1900 ವರ್ಷದ ಗುಮ್ಮಟ, ನೆತ್ತಿಯ ಮೇಲೆ ದೊಡ್ಡ ಬಾಯಿ, ಅದಕ್ಕೆ ಮುಚ್ಚಳವೇ ಇಲ್ಲ. ನಾವು ಒಳಗಿದ್ದಾಗ ಸಣ್ಣ ಮಳೆ ಶುರುವಾಯಿತು. ಹನಿ ಒಂದೊಂದಾಗಿ ಅಷ್ಟೆತ್ತರದಿಂದ ಬೆಳಕಿನಲ್ಲಿ ಇಳಿದು ಬರುತ್ತಿತ್ತು, ಕೆಳಗೆ ನೆಲದ ತೂತುಗಳಲ್ಲಿ ಹರಿದು ಹೋಗುತ್ತಿತ್ತು. ನಮ್ಮ ತೊಟ್ಟಿಮನೆಯ ಅಂಗಳ, ಸ್ವಲ್ಪ ದೊಡ್ಡದು ಅನ್ನಿಸಿತು. ದಂಡದ ವಿಷಯ ಬಿಟ್ಟು ಅಪ್ಪ ಬೇರೆ ಮಾತಾಡಿದ್ದು ಅವತ್ತೇ. ಆಗ ಪುಕ್ಕಟೆ, 2023ರಲ್ಲಿ 5 ಯೂರೋ ಟಿಕೆಟ್ ಇಟ್ಟರು.

ಟರ್ಮಿನಿ ಸ್ಟೇಷನ್ನಿನಿಂದ ವ್ಯಾಟಿಕನ್ ಕಡೆ ಹೋಗುವ 64ನೇ ಬಸ್ಸು ಜೇಬುಗಳ್ಳರಿಗೆ ಹೆಸರುವಾಸಿ. ಬ್ಯಾಗು ಮುಂದಕ್ಕೆ ಹಾಕಿಕೋ. ದುಪಟ್ಟಾ ಒಂದು ಇರಲಿ, ಭುಜ ಮಂಡಿ ಕಾಣಿಸಿದರೆ ದೊಡ್ಡ ಚರ್ಚುಗಳ ಒಳಗೆ ಬಿಡುವುದಿಲ್ಲ.

ಚಟ್ನಿಪುಡಿ ನಾಳೆ ಕೊರಿಯರ್ ಮಾಡುತ್ತೇನೆ. ತುಪ್ಪ ಕೇಳಬೇಡ, ಪೇಡಾನೂ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತಂದರೆ ಅಲ್ಲಿ ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ. ವಾಪಸ್ ಬಂದ ಮೇಲೆ ಇಲ್ಲಿ ತಿನ್ನು.

ನಿನ್ನ
ಅಮ್ಮ