ಇಪ್ಪತ್ತರಲ್ಲಿ ಉಳಿದ ಹಳೇ ‘ಪ’

ಸಂಪಾದಕರೇ,

ಸಣ್ಣ ವಿಷ್ಯ ಅನ್ಸಬಹುದು, ಆದ್ರೂ ಬರೀತಿದೀನಿ. ಹತ್ತು ಅಂತೀವಿ, ಆದ್ರೆ ಇಪ್ಪತ್ತು, ಎಪ್ಪತ್ತು ಅನ್ನೋವಾಗ ಆ ‘ಪ’ ಎಲ್ಲಿಂದ ಬಂತು ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ದು ನಂಗಂತೂ ನೆನಪಿಲ್ಲ. ಹಳಗನ್ನಡದಲ್ಲಿ ಹತ್ತು ಅಂದ್ರೆ ಪತ್ತು, ತಮಿಳಲ್ಲಿ ಈಗ್ಲೂ ಹಾಗೇ, ಸುಮಾರು 10ನೇ ಶತಮಾನದಿಂದ ಪದದ ಮೊದಲಲ್ಲಿರೋ ಪ ನಿಧಾನಕ್ಕೆ ಹ ಆಗ್ತಾ ಬಂತು, ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು, ಪೂ ಹೂವಾಯ್ತು, ಆದ್ರೆ ಮಧ್ಯೆ ಒತ್ತಕ್ಷರವಾಗಿ ಕೂತಿದ್ದ ಪ ಮಾತ್ರ ಬಚಾವ್. ಎಂಬತ್ತು, ತೊಂಬತ್ತಲ್ಲಿ ಅದೇ ಪ ಬ ಆಗಿದೆ, ಮೂವತ್ತು, ಐವತ್ತಲ್ಲಿ ವ. ಸಂಸ್ಕೃತದ ಪುಸ್ತಕ ಹಾಗೇ ಉಳೀತು, ಹುಸ್ತಕ ಆಗ್ಲಿಲ್ಲ ಪುಣ್ಯ!

ಈಗ ನಮ್ಮ ಮಂಡ್ಯ, ಮೈಸೂರು ಕಡೆ ಆ ಹ ಕೂಡ ಬಿದ್ದೋಗಿ ‘ಅತ್ತು ರೂಪಾಯಿ’, ‘ಆಲು’ ಅಂತಾರೆ, ಕೇಳಿ ನಗೋರು ಇದಾರೆ, ಪತ್ತನ್ನ ಮೊದಲ ಸಲ ಹತ್ತು ಅಂದೋರನ್ನೂ ಹೀಗೇ ನಕ್ಕಿರ್ಬೇಕು.

ಭಾನುವಾರದ ಪುರವಣೀಲಿ ಇಂಥದ್ದಕ್ಕೆ ಒಂದು ಕಾಲಂ ಕೊಡಿ ಸಾರ್, ರಾಶಿ ಭವಿಷ್ಯದ ಜಾಗ ಸ್ವಲ್ಪ ಕಟ್ ಮಾಡಿದ್ರೂ ನಡಿಯತ್ತೆ.

– ಒಬ್ಬ ಓದುಗ, ಮಂಡ್ಯ