ಶನಿವಾರ ಬಾಗಿಲು ಹಾಕ್ಕೋಬೇಡ

ಪುಟ್ಟೀ,

ಭಾನುವಾರ ಊಟಕ್ಕೂ ಕೂರದೆ ಬಸ್ಸು ಹತ್ತಿಬಿಟ್ಟೆ. ನಾನು ಆಡಿದ ಆ ಮಾತನ್ನ ಇಲ್ಲಿ ಮತ್ತೆ ಬರೆಯಲ್ಲ. ಆಡಬಾರದಿತ್ತು. ಫೋನ್ ಮಾಡಿದರೆ ಮತ್ತೆ ಜಗಳಕ್ಕೇ ತಿರುಗುತ್ತೆ ಅಂತ ಬರೀತಿದೀನಿ.

ನಿನ್ನ ಮೆಸೇಜು ಓದಿದೆ. ಕುಡಿತ ಬಿಡ್ತೀನಿ, ಶನಿವಾರದಿಂದ ಒಂದು ಹನಿಯೂ ಮುಟ್ಟಲ್ಲ, ಬಾಗಿಲು ಹಾಕ್ಕೊಂಡು ಮೂರು ದಿನ ಮಲಗಿಬಿಡ್ತೀನಿ, ಯಾರೂ ಬೇಡ ಅಂದಿದೀಯ. ಹಿಗ್ಗಬೇಕಾದವಳು ರಾತ್ರಿಯೆಲ್ಲ ಎದ್ದು ಕೂತಿದೀನಿ. ಬೆಳಿಗ್ಗೆ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದೆಯಲ್ಲ, ಅದೇ ಕಣ್ಣಮುಂದೆ ಬರ್ತಿದೆ. ಅದು ಚಳಿ ಅಲ್ಲ ಕಣೇ. ದಿನಾ ಮದ್ಯ ಮಂಕು ಕವಿಸ್ತಿದ್ದರೆ ಮಿದುಳು ಅದಕ್ಕೆ ಎದುರಾಗಿ ತನ್ನ ವೇಗ ಏರಿಸಿಕೊಂಡಿರುತ್ತೆ. ಮದ್ಯ ಥಟ್ಟನೆ ನಿಂತರೆ ತಡೆ ಹೋಗುತ್ತೆ, ವೇಗ ಮಾತ್ರ ಉಳಿಯುತ್ತೆ. ನಿಲ್ಲಿಸಿದ ಆರೇಳು ಗಂಟೆಯಲ್ಲೇ ನಡುಕ, ಬೆವರು, ವಾಂತಿ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಜ್ವರ, ಇಲ್ಲದ್ದು ಕಾಣೋದು, ತಾನೆಲ್ಲಿದೀನಿ ಅನ್ನೋದೇ ತಿಳಿಯದೇ ಇರೋದು. ಎಲ್ಲರಿಗೂ ಹೀಗಾಗಲ್ಲ, ಆದರೆ ಆದವರಲ್ಲಿ ಜೀವ ಹೋಗೋದೂ ಉಂಟು. ನೀನು ಚಿಲಕ ಹಾಕ್ಕೋತೀನಿ ಅಂದಿರೋದು ಸರಿಯಾಗಿ ಆ ಮೂರು ದಿನಕ್ಕೇ.

ಅದಕ್ಕೆ ಯಾವ ತಾಯಿ ಬಾಯಲ್ಲೂ ಬರಬಾರದ ಮಾತು ಹೇಳ್ತೀನಿ: ಡಾಕ್ಟರು ನೋಡೋವರೆಗೆ ಒಮ್ಮೆಗೇ ನಿಲ್ಲಿಸಬೇಡ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಅಲ್ಲಿಗೆ ಬೇಡವಾದರೆ ಬೇರೆ ಯಾವುದಾದರೂ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸು. ದಿನಕ್ಕೆಷ್ಟು, ಕೊನೇ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ, ಮೂರನ್ನೂ ನಿಜ ಹೇಳು. ಕಮ್ಮಿ ಹೇಳಿದರೆ ಔಷಧಿಯೂ ಕಮ್ಮಿ ಬೀಳುತ್ತೆ. ಲೋರಾಜೆಪಾಮ್ ಥರದ ಮಾತ್ರೆ ಕೊಟ್ಟು ಹೆಚ್ಚುಕಮ್ಮಿ ಒಂದು ವಾರದಲ್ಲಿ ಇಳಿಸ್ತಾ ಬರ್ತಾರೆ. ಅದನ್ನ ನೀನೇ ಮೆಡಿಕಲ್‌ನಲ್ಲಿ ತಗೊಂಡು ನುಂಗಬೇಡ, ಮದ್ಯದ ಜೊತೆ ಸೇರಿದರೆ ಉಸಿರನ್ನೇ ತಗ್ಗಿಸುತ್ತೆ. ಬರೀ ಗ್ಲೂಕೋಸ್ ಡ್ರಿಪ್ ಹಾಕಿ ಕಳಿಸೋ ಕ್ಲಿನಿಕ್ಕೂ ಬೇಡ. ಥಯಾಮಿನ್, ಅಂದರೆ ಬಿ1, ಮೊದಲು ಹೋಗಬೇಕು. ಇಲ್ಲದಿದ್ದರೆ ನಡಿಗೆಗೂ ನೆನಪಿಗೂ ಕುತ್ತು. ಅಪರಾತ್ರಿ ಹೆದರಿಕೆಯಾದರೆ 14416, ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ಫಿಟ್ಸ್ ಬಂದರೆ ಮಾತಲ್ಲ, 108.

ಮಾತ್ರೆ ಮೈಗೆ. ಆಮೇಲಿನ ಸಂಜೆಗಳಿಗೆ ಮನುಷ್ಯರು ಬೇಕು. ಊರಲ್ಲಾದರೆ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ, ಆಮೇಲೆ ಕುಡಿತ ಬಿಟ್ಟವರದ್ದೇ ನವಜೀವನ ಸಮಿತಿ ಅಂತ ಇದೆ. ಆದರೆ ಹೆಚ್ಚಾಗಿ ಗಂಡಸರೇ, ಊರೆಲ್ಲ ಗುರುತಿನವರೇ. ನಿನಗೆ ನೀನಿರೋ ಕಡೆಯೇ ಆಲ್ಕೋಹಾಲಿಕ್ಸ್ ಅನಾನಿಮಸ್, ಎ.ಎ., ವಾಸಿ. ಕುಡಿತ ಬಿಡೋರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗೋ ಸಂಘ ಅದು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಶುರು ಮಾಡಿದ್ದು. ಕುಡಿತ ಬಿಡೋ ಮನಸ್ಸೊಂದಿದ್ದರೆ ಸದಸ್ಯೆಯೇ. ಅವರ ವೆಬ್‌ಸೈಟಿನಲ್ಲಿ ಸಭೆಗಳ ಪಟ್ಟಿ ಸಿಗುತ್ತೆ. ಪಟ್ಟಿ ನಂಬಿ ಸೀದಾ ಹೋಗಬೇಡ, ಜಾಗ, ಹೊತ್ತು ಬದಲಾಗಿರುತ್ತೆ, ಬೀಗ ನೋಡಿ ವಾಪಸು ಬಂದವರು ಎರಡನೇ ಸಲ ಹೋಗೋದು ಕಷ್ಟ. ಮೊದಲು ಫೋನ್ ಮಾಡಿ ಕೇಳು: ಕನ್ನಡದಲ್ಲಾ, ಇಂಗ್ಲಿಷಿನಲ್ಲಾ? ಹೆಂಗಸರು ಬರ್ತಾರಾ? ಯಾವ ಗೇಟು? ಓಪನ್ ಸಭೆಗೆ ಯಾರು ಬೇಕಾದರೂ ಹೋಗಬಹುದು, ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನೋರಿಗೆ ಮಾತ್ರ. ಎಷ್ಟೋ ಸಭೆ ಚರ್ಚಿನ ಹಾಲ್‌ನಲ್ಲೋ ಶಾಲೆ ಕೋಣೆಯಲ್ಲೋ ನಡೆಯುತ್ತೆ. ಜಾಗ ಚರ್ಚಿನದು, ಸಭೆ ಚರ್ಚಿನದಲ್ಲ. ದೇವರ ಮಾತು ಬರುತ್ತೆ, ಮೂಗು ಮುರೀಬೇಡ. ಕುಡಿತ ಬಿಡೋಕೆ ಅವರು ಹಾಕಿಕೊಂಡಿರೋ ಹನ್ನೆರಡು ಹೆಜ್ಜೆಗಳಲ್ಲಿ ಮೂರನೆಯದರಲ್ಲಿ "ನಾವು ಅರಿತಂತೆ" ದೇವರು ಅಂತಲೇ ಇದೆ, ಸಂಘವೇ ನನ್ನ ಶಕ್ತಿ ಅಂದುಕೊಂಡವರೂ ಇದಾರೆ.

ಹತ್ತು ನಿಮಿಷ ಮುಂಚೆ ಹೋಗು. ಒಂದು, ಒಂದೂವರೆ ಗಂಟೆ. ಹೆಸರಷ್ಟೇ ಹೇಳು, ಅಡ್ಡಹೆಸರು ಆಫೀಸು ಬೇಡ. "ಇವತ್ತು ಕೇಳ್ತೀನಿ ಅಷ್ಟೇ" ಅಂದರೆ ಸಾಕು. ಶುಲ್ಕ ಇಲ್ಲ, ಕೊನೆಗೆ ಬರೋ ಡಬ್ಬಿಗೆ ಹೊಸಬರು ಹಾಕಲೇಬೇಕು ಅಂತಿಲ್ಲ. ದಾಖಲಾತಿ, ಪ್ಯಾಕೇಜು ಅಂತ ಸಾವಿರಗಟ್ಟಲೆ ಕೇಳಿದರೆ ಅದು ಎ.ಎ. ಅಲ್ಲ, ಎದ್ದು ಬಾ. ಒಂದೇ ಸಭೆ ನೋಡಿ ಸರಿಯಿಲ್ಲ ಅನ್ನಬೇಡ, ನಾಲ್ಕೈದು ಕಡೆ ಕೂತು ನೋಡು. ಮೊದಲ 90 ದಿನಕ್ಕೆ 90 ಸಭೆ ಅಂತಾರೆ. ಕೆಲಸದ ದಿನ ಆಗದಿದ್ದರೆ ಆನ್‌ಲೈನ್, ಹೆಂಗಸರದ್ದೇ ಸಭೆಗಳೂ ಇವೆ.

ಸ್ಪಾನ್ಸರ್ ಅಂತ ಒಬ್ಬರು ಸಿಗ್ತಾರೆ, ಮೊದಲೇ ಕುಡಿತ ಬಿಟ್ಟು ಹೊಸಬರ ಕೈ ಹಿಡಿದು ನಡೆಸೋ ಸದಸ್ಯರು. ಹೆಂಗಸಿಗೆ ಹೆಂಗಸೇ, ಅದು ಅಲ್ಲಿನ ವಾಡಿಕೆ. ಹೊಸ ಹುಡುಗಿಗೆ "ನಾನು ದಾರಿ ತೋರಿಸ್ತೀನಿ, ಡ್ರಾಪ್ ಕೊಡ್ತೀನಿ" ಅನ್ನೋ ಗಂಡಸಿಂದ ದೂರ ಇರು. ಇರೋದು ಹನ್ನೆರಡೇ ಹೆಜ್ಜೆ, ಇದಕ್ಕೆ ಸಂಘದವರೇ ಹದಿಮೂರನೆಯದು ಅಂತ ಹೆಸರಿಟ್ಟಿದಾರೆ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರಲ್ಲಿ ಎರಡು ಸೇರಿದರೂ ಕೈ ಬಾಟಲಿಗೆ ಹೋಗುತ್ತೆ. ಊಟ ಬಿಡಬೇಡ. ಫ್ರಿಜ್ಜಿನಲ್ಲಿ ಬರೀ ಮೊಟ್ಟೆ ಇಟ್ಟುಕೊಂಡು... ಇರಲಿ, ಉಪದೇಶ ಶುರುವಾಯ್ತು.

ನಿನ್ನ ಚಿಕ್ಕಮ್ಮ, ಕುಡಿತ ಬಿಡಿಸೋಕೆ ಕಾಫಿಗೆ ಗೊತ್ತಾಗದ ಹಾಗೆ ಬೆರೆಸೋ ಮಾತ್ರೆ ಇದೆಯಂತೆ ಅಂದಳು. ಬೈದು ಕಳಿಸಿದೆ. ಅದರ ಮೇಲೆ ಕುಡಿದರೆ ಬಿ.ಪಿ. ಕುಸಿಯುತ್ತೆ, ಕುಡಿಯೋರಿಗೆ ತಿಳಿಸದೆ ಕೊಡೋ ಔಷಧಿಯೇ ಅಲ್ಲ ಅದು. ನಾನು ಕೊಟ್ಟಿದ್ದನ್ನ ನೀನು ಅನುಮಾನವಿಲ್ಲದೆ ಕುಡೀಬಹುದು. ಮನೆಯವರಿಗೂ ಅಲ್-ಅನಾನ್ ಅಂತ ಬೇರೆ ಸಂಘ ಇದೆ, ನಾನು ಅದಕ್ಕೆ ಸೇರ್ತೀನಿ. ನಿನ್ನ ಸುದ್ದಿ ಹೇಳೋಕಲ್ಲ, ನನ್ನ ಬಾಯಿ ಹಿಡಿತಕ್ಕೆ ಬರಲಿ ಅಂತ.

ಕುಡಿತ ಬಿಡ್ತೀನಿ ಅಂತ ಯಾರೂ ಕೇಳದೆ ನೀನಾಗೇ ಬರೆದೆಯಲ್ಲ, ಅದನ್ನ ಎಷ್ಟು ಸಲ ಓದಿದೀನೋ ಲೆಕ್ಕವಿಲ್ಲ. ಆದರೂ ಆ ಲೋಟ, ಆ ಎರಡು ಕೈ.

ಶುಕ್ರವಾರ ರಾತ್ರಿ ಬಸ್ಸಿಗೆ ಸೀಟು ಹಿಡಿದಿದೀನಿ, ಬೆಳಿಗ್ಗೆ ಐದೂವರೆಗೆ ನಿನ್ನ ಬಾಗಿಲಲ್ಲಿರ್ತೀನಿ. ಮಾತಾಡು ಅಂತ ಪೀಡಿಸಲ್ಲ. ಆಸ್ಪತ್ರೆಯಲ್ಲಿ ಹೊರಗಡೆ ಬೆಂಚಿನ ಮೇಲೆ ಕೂತಿರ್ತೀನಿ. ಚಿಲಕ ಮಾತ್ರ ತೆಗೆದಿಟ್ಟಿರು.

ನಿನ್ನ
ಅಮ್ಮ